ಒಂಟಿಮನೆಯ ತಾಯಂದಿರು, ಆರೈಕೆಯಲ್ಲೇ ಕಟ್ಟುಬಿದ್ದವರು: ಇವರನ್ನು ಒಂದೆಡೆ ಸೇರಿಸುವುದು ಹೇಗೆ?

ಪ್ರಶ್ನೆ: ನಿವೃತ್ತ ಶಿಕ್ಷಕಿ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ 29 ವರ್ಷ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ನಾನು ನಿವೃತ್ತಳಾದ ಮೇಲೂ ಇಲ್ಲಿಯೇ ನೆಲೆಸಿದ್ದೇನೆ. ನಮ್ಮ ಕಡೆಯ ಊರುಗಳಲ್ಲಿ ಸಾಲುಮನೆಗಳಿಲ್ಲ; ಗುಡ್ಡದ ಬುಡಕ್ಕೊಂದು, ತೋಟದ ಅಂಚಿಗೊಂದು ಎಂಬಂತೆ ಒಂಟಿಮನೆಗಳೇ ಎಲ್ಲ. ಮಳೆ ಹಿಡಿದ ಮೇಲೆ ಸಂಕ ದಾಟಿ ಪಕ್ಕದ ಮನೆಗೆ ಹೋಗಿಬರುವುದೂ ಒಂದು ಪ್ರಯಾಣವೇ ಆಗಿಬಿಡುತ್ತದೆ.

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಮಗು ನೋಡಲು ಹೋಗಿದ್ದೆ. ಬಚ್ಚಲೊಲೆಯ ಮೇಲೆ ಅಡ್ಡ ಕಟ್ಟಿದ ಹಗ್ಗದಲ್ಲಿ ಕೂಸಿನ ಬಟ್ಟೆಗಳು ಹೊಗೆಯ ವಾಸನೆ ಹಿಡಿದು ನೇತಾಡುತ್ತಿದ್ದವು. ಐದು ತಿಂಗಳ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಅವನ ಹೆಂಡತಿ ಆ ಬಟ್ಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾ, ‘ಒಂದೂ ಒಣಗಿಲ್ಲ ಟೀಚರ್’ ಎಂದವಳು ನಿಂತಲ್ಲೇ ಅಳತೊಡಗಿದಳು. ಒದ್ದೆ ಬಟ್ಟೆಗಾಗಿ ಯಾರೂ ಅಷ್ಟು ಹೊತ್ತು ಅಳುವುದಿಲ್ಲ. ಅದೇ ದಾರಿಯ ಮುಂದಿನ ಮನೆಯಲ್ಲಿ, ಲಕ್ವ ಹೊಡೆದು ಮಲಗಿರುವ ಅತ್ತೆಯನ್ನು ಆರು ವರ್ಷಗಳಿಂದ ಒಬ್ಬರೇ ನೋಡಿಕೊಳ್ಳುತ್ತಿರುವ ಸೊಸೆ ಇದ್ದಾರೆ. ಅವರಿಗೆ ತಮ್ಮ ತಂಗಿಯ ಮಗಳ ಮದುವೆಗೂ ಹೋಗಲಾಗಲಿಲ್ಲ. ಇಂಥ ಮನೆಗಳನ್ನು ಬೆರಳಿನಲ್ಲಿ ಎಣಿಸುತ್ತಾ ಹೋದಾಗ ಹದಿನಾಲ್ಕಾದವು.

ಹೀಗಾಗಿ ನಾನು ಮತ್ತು ಇಬ್ಬರು ಗೆಳತಿಯರು ಸೇರಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಶಾಲೆಯ ಕೊಠಡಿಯಲ್ಲಿ ಒಂದು ಕೂಟವನ್ನು ಆರಂಭಿಸಿದೆವು. ‘ಮಹಿಳೆಯರ ಮಾನಸಿಕ ಆರೋಗ್ಯ ಜಾಗೃತಿ’ ಎಂದು ಬ್ಯಾನರ್ ಬರೆಸಿ, ಪೇಟೆಯಿಂದ ಆಪ್ತಸಮಾಲೋಚಕರೊಬ್ಬರನ್ನು ಕರೆಸಿದೆವು. ಮೊದಲ ವಾರ ಹನ್ನೊಂದು ಜನ ಬಂದರು, ಎರಡನೆಯ ವಾರ ನಾಲ್ವರು. ಮೂರನೆಯ ವಾರ ಬಂದದ್ದು ಒಬ್ಬರೇ. ಅವರೂ ಪಡಿತರ ಚೀಟಿಯ ವಿಷಯ ಕೇಳಲು ಬಂದಿದ್ದರು. ಲಕ್ವದ ಅತ್ತೆಯ ಸೊಸೆ ಒಂದು ವಾರವೂ ಬರಲಿಲ್ಲ.

ನಾವು ಎಲ್ಲಿ ಎಡವಿದೆವು ಎಂಬುದನ್ನು ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ. ಇವರನ್ನು ಮನೆಯಿಂದ ಹೊರಗೆ ಕರೆತರುವ ದಾರಿ ಯಾವುದು, ಬಂದವರೊಡನೆ ನಾವು ಮಾಡಬೇಕಾದದ್ದೇನು, ಮತ್ತು ಯಾವ ಹಂತದಲ್ಲಿ ‘ಇದು ನಮ್ಮ ಕೈಮೀರಿದ್ದು’ ಎಂದು ಒಪ್ಪಿಕೊಂಡು ವೈದ್ಯರ ಬಳಿಗೆ ಕಳುಹಿಸಬೇಕು? ಮೂರನೆಯದು ನನಗೆ ನಿಜವಾಗಿಯೂ ಭಯ ಹುಟ್ಟಿಸಿರುವ ಪ್ರಶ್ನೆ.

ಉತ್ತರ 1: ನಿವೃತ್ತ ಆರೋಗ್ಯ ಸಹಾಯಕಿ, ಸಿದ್ದಾಪುರ (ಉತ್ತರ ಕನ್ನಡ)

ಟೀಚರ್ ಅವರಿಗೆ ನಮಸ್ಕಾರ. ನಿಮ್ಮ ಬ್ಯಾನರ್ ವಿಷಯವನ್ನು ಓದಿ ನನಗೆ ನಗುವೂ ಬಂತು, ನನ್ನದೇ ಹಳೆಯ ತಪ್ಪುಗಳೂ ನೆನಪಾದವು. ಮಾನಸಿಕ ಎಂಬ ಪದವಿರುವ ಕೊಠಡಿಗೆ ಸೊಸೆಯನ್ನು ಕಳುಹಿಸುವ ಅತ್ತೆ ನನ್ನ ಸೇವಾವಧಿಯಲ್ಲಿ ಒಬ್ಬರೂ ಸಿಗಲಿಲ್ಲ. ಮಗುವಿನ ತೂಕ ನೋಡುತ್ತೇವೆ, ತಾಯಿಗೆ ರಕ್ತ ಕಡಿಮೆ ಇದೆಯೋ ಎಂದು ನೋಡುತ್ತೇವೆ ಎಂದರೆ ಅದೇ ಅತ್ತೆ ತಾವೇ ಕೊಡೆ ಹಿಡಿದು ಜೊತೆಗೆ ಬರುತ್ತಿದ್ದರು. ಇದನ್ನು ಮೋಸವೆಂದು ಭಾವಿಸಬೇಡಿ, ತೂಕವನ್ನೂ ನಿಜವಾಗಿಯೇ ನೋಡಿ.

ಮನೆಯ ಲೆಕ್ಕಾಚಾರವನ್ನೂ ಗಮನಿಸಬೇಕು. ಮೂರು ಗಂಟೆಯೆಂದರೆ ದನ ಹೊಡೆದುಕೊಂಡು ಬರುವ, ಹಾಲು ಕರೆಯುವ, ಚಹಾ ಮಾಡುವ ಹೊತ್ತಿಗೆ ಮುಂಚಿನ ಗಡಿಬಿಡಿ. ನಾವು ನಡೆಸುತ್ತಿದ್ದ ತಾಯಂದಿರ ಸಭೆಗೆ ಬೆಳಗಿನ ಹನ್ನೊಂದರಿಂದ ಹನ್ನೆರಡೂವರೆಯ ನಡುವಿನ ಸಮಯವೇ ಹೊಂದಿತ್ತು, ಅದೂ ತಿಂಡಿಯ ಪಾತ್ರೆ ತೊಳೆದು ಅನ್ನಕ್ಕಿಡುವ ಮೊದಲಿನ ಬಿಡುವಿನಲ್ಲಿ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಆ ಬಿಡುವೂ ಇರುವುದಿಲ್ಲ, ಆಗ ಸಭೆ ಕರೆಯುವುದೇ ವ್ಯರ್ಥ.

ಇನ್ನೊಂದು ಸಂಗತಿಯನ್ನು ತುಸು ವಿವರವಾಗಿ ಹೇಳಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಂದು ಹೀಗೆ ಆರು ಬಾರಿ ಹೋಗಬೇಕೆಂಬ ನಿಯಮವಿದೆ. ಆದರೆ ನಮ್ಮಲ್ಲಿ ಮೊದಲ ಹೆರಿಗೆ, ಬಾಣಂತನ ಎರಡೂ ತವರಿನಲ್ಲಿ. ಆಗ ಅಮ್ಮ, ಅಕ್ಕ, ಅಜ್ಜಿ, ಎರೆಯಲು ಬರುವಾಕೆ ಎಂದು ಸುತ್ತ ಜನರಿರುತ್ತಾರೆ. ಮೂರನೆಯದೋ ಐದನೆಯದೋ ತಿಂಗಳಿಗೆ ಗಂಡನ ಮನೆಗೆ ಬಂದಾಗ ಅವಳ ಹೆಸರು ತವರಿನ ಆಶಾಳ ಪಟ್ಟಿಯಿಂದ ಬಿಟ್ಟುಹೋಗಿರುತ್ತದೆ, ಇಲ್ಲಿನವಳ ಪಟ್ಟಿಗೆ ಇನ್ನೂ ಸೇರಿರುವುದಿಲ್ಲ. ಅನಂತರ ಮೂರು ತಿಂಗಳಿಗೊಮ್ಮೆ ನಡೆಯುವ ಭೇಟಿಯಲ್ಲಿ ಮಾತೆಲ್ಲ ಮಗುವಿನ ತೂಕ, ಲಸಿಕೆ, ಮೇಲೂಟದ ಸುತ್ತ. ತಾಯಿ ಒಂಟಿಯಾಗುವುದು ಸರಿಯಾಗಿ ಆ ಹೊತ್ತಿಗೆ. ನಿಮ್ಮ ಮುಂದೆ ಅತ್ತ ಹುಡುಗಿಯ ಕೂಸಿಗೂ ಐದು ತಿಂಗಳೆಂದು ನೀವೇ ಬರೆದಿದ್ದೀರಿ. ಆದ್ದರಿಂದ ನಿಮ್ಮೂರಿನ ಆಶಾಳ ಬಳಿ ‘ಈ ತಿಂಗಳು ತವರಿನಿಂದ ಬಂದ ಸೊಸೆಯಂದಿರು ಯಾರು’ ಎಂದು ಕೇಳಿ ಒಂದು ಪಟ್ಟಿಯನ್ನು ಇಟ್ಟುಕೊಳ್ಳಿ. ಬಂದ ಮೊದಲ ವಾರದಲ್ಲೇ ಒಬ್ಬರು ಹೋಗಿ ಮಾತನಾಡಿಸಿ ಬರಲಿ.

2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಆರಂಭವಾದಾಗ, ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೆ ಬಂದು ಬಿಸಿಯೂಟ ಮಾಡುತ್ತಾರೆ, ಜೊತೆಗೆ ನಾಲ್ಕು ಮಾತೂ ಆಗುತ್ತದೆ ಎಂದು ನಾನು ಬಹಳ ಆಸೆಪಟ್ಟಿದ್ದೆ. ಮಲೆನಾಡಿನ ಏರು ಹತ್ತಿ, ಎಳೆಗೂಸು ಹೊತ್ತು, ಮಳೆಯಲ್ಲಿ ಎರಡು ಕಿಲೋಮೀಟರ್ ನಡೆದು ಊಟಕ್ಕೆ ಬರುವವರು ಯಾರು? ಒಳ್ಳೆಯ ಯೋಜನೆಯೂ ದಾರಿಯನ್ನು ನೋಡದಿದ್ದರೆ ಹೀಗಾಗುತ್ತದೆ. ನಿಮ್ಮ ಶಾಲೆಯ ಕೊಠಡಿಗೂ ಇದೇ ಮಾತು ಅನ್ವಯಿಸುತ್ತದೆ.

ಉತ್ತರ 2: ಒಬ್ಬ ತಾಯಿ, ಬೆಳ್ತಂಗಡಿ ತಾಲ್ಲೂಕು

ನನ್ನ ಮಗನಿಗೆ ಈಗ 26 ವರ್ಷ. ಅವನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಕುತ್ತಿಗೆ ನಿಲ್ಲುವುದಿಲ್ಲ, ಮಾತಿಲ್ಲ. ನಗು ಮಾತ್ರ ಮನೆಯ ಎಲ್ಲರಿಗಿಂತ ಜೋರು. ನಮ್ಮ ಸುತ್ತಿನ ಗೇರುತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದ ಕೊನೆಯಲ್ಲಿ ಹುಟ್ಟಿದವನು ಅವನು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿತು. ನಿಷೇಧದ ಸುದ್ದಿಯನ್ನು ನಾನು ರೇಡಿಯೊದಲ್ಲಿ ಕೇಳಿದಾಗ ಅವನಿಗೆ ಗಂಜಿ ಉಣಿಸುತ್ತಿದ್ದೆ, ಇವತ್ತಿಗೂ ಉಣಿಸುತ್ತಿದ್ದೇನೆ.

ಲಕ್ವದ ಅತ್ತೆಯ ಸೊಸೆ ಯಾಕೆ ಬರಲಿಲ್ಲ ಎಂದು ನೀವು ಕೇಳಿದ್ದೀರಿ. ಅವರು ಬಂದರೆ ಆ ಎರಡು ಗಂಟೆ ಅತ್ತೆಯನ್ನು ಯಾರು ನೋಡಿಕೊಳ್ಳಬೇಕಿತ್ತು? ನಿಮ್ಮ ಇಡೀ ಬರಹದಲ್ಲಿ ಈ ಪ್ರಶ್ನೆ ಇರಲಿಲ್ಲ ಎಂಬುದನ್ನು ಬೇಸರವಿಲ್ಲದೆ ತಿಳಿಸುತ್ತಿದ್ದೇನೆ. ನಮ್ಮಂಥವರಿಗೆ ಧೈರ್ಯದ ಮಾತು ಹೇಳುವವರು ಬಹಳ ಜನ ಸಿಕ್ಕಿದ್ದಾರೆ. ‘ನೀನು ಹೋಗಿ ಬಾ, ಇವನ ಹತ್ತಿರ ನಾನು ಕೂತಿರುತ್ತೇನೆ’ ಎಂದವರು 26 ವರ್ಷಗಳಲ್ಲಿ ಮೂವರು. ಆ ಮೂವರ ಹೆಸರನ್ನು ನಾನು ದೇವರ ಮುಂದೆ ದೀಪ ಹಚ್ಚುವಾಗ ನೆನೆಯುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಪೀಡಿತರಿಗಾಗಿ ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಪಾಲನಾ ಕೇಂದ್ರಗಳು ಆರಂಭವಾದಾಗ ಅವುಗಳಿಂದ ಹೆಚ್ಚು ಬದಲಾದವರು ತಾಯಂದಿರು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಮಗು ಹಗಲು ಕೆಲವು ಗಂಟೆ ಬೇರೆಯವರ ಕೈಯಲ್ಲಿದ್ದರೆ ತಾಯಿ ಬೀಡಿ ಕಟ್ಟಬಹುದು, ಬ್ಯಾಂಕಿಗೆ ಹೋಗಬಹುದು, ಏನೂ ಮಾಡದೆ ಸುಮ್ಮನೆ ಕೂರಲೂಬಹುದು. ಎಲ್ಲ ಊರಿನಲ್ಲೂ ಇಂಥ ಕೇಂದ್ರ ಬರಲಾರದು. ಹಾಗಾಗಿ ನಾನೂ ಎರಡು ಮೈಲಿ ದೂರದ ಇನ್ನೊಬ್ಬ ತಾಯಿಯೂ ಒಂದು ಏರ್ಪಾಡು ಮಾಡಿಕೊಂಡೆವು. ಗುರುವಾರ ಅವಳ ಮಗಳನ್ನು ನಾನು ನೋಡಿಕೊಳ್ಳುತ್ತೇನೆ, ಸೋಮವಾರ ನನ್ನ ಮಗನನ್ನು ಅವಳು ನೋಡಿಕೊಳ್ಳುತ್ತಾಳೆ. ಮೊದಲ ಒಂದು ತಿಂಗಳು ನಾವಿಬ್ಬರೂ ಜೊತೆಯಲ್ಲೇ ಇದ್ದು ಕಲಿಯಬೇಕಾಯಿತು. ನನ್ನ ಮಗನನ್ನು ಮಲಗಿಸಿಕೊಂಡು ಉಣಿಸಿದರೆ ಗಂಜಿ ಶ್ವಾಸನಾಳಕ್ಕೆ ಹೋಗಿಬಿಡುತ್ತದೆ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಗಲ್ಲವನ್ನು ತುಸು ಕೆಳಕ್ಕೆ ಬಾಗಿಸಿ, ಚಿಕ್ಕ ಚಮಚದಲ್ಲಿ, ಒಂದು ಗುಟುಕು ನುಂಗಿದ್ದನ್ನು ಖಚಿತಪಡಿಸಿಕೊಂಡೇ ಇನ್ನೊಂದನ್ನು ಕೊಡಬೇಕು. ಒಂದು ಬಟ್ಟಲಿಗೆ ಐವತ್ತು ನಿಮಿಷ ಹಿಡಿಯುತ್ತದೆ. ಇದನ್ನು ಕಲಿತವರ ಕೈಗೆ ಕೊಟ್ಟಾಗ ಮಾತ್ರ ತಾಯಿಗೆ ಹೊರಗೆ ಹೋದಲ್ಲಿ ನೆಮ್ಮದಿ ಇರುತ್ತದೆ. ಅಕ್ಕರೆಯಿಂದ ಬಂದರೂ ಕಲಿಯದೆ ಬಂದವರ ಕೈಗೆ ಕೊಡಲು ನನಗೆ ಧೈರ್ಯ ಸಾಲದು.

ನಿಮ್ಮ ಹದಿನಾಲ್ಕು ಮನೆಗಳಲ್ಲಿ ವಿಕಲಚೇತನರಿದ್ದರೆ ನೀವು ಓಡಾಡಿ ಮಾಡಿಸಬಹುದಾದ ಕೆಲಸಗಳೂ ಇವೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಆಗಿದೆಯೇ ಎಂದು ಮೊದಲು ಅವರಲ್ಲಿ ವಿಚಾರಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024–25ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಲಾಗಿತ್ತು. ಸಾವಿರ ರೂಪಾಯಿಗೆ ಏನು ಬರುತ್ತದೆ ಎಂದು ಕೇಳುವವರಿದ್ದಾರೆ. ನಾನು ಮಾಡುವುದೂ ಒಂದು ಕೆಲಸವೇ ಎಂದು ಸರ್ಕಾರದ ಕಾಗದದಲ್ಲಿ ಬರೆದದ್ದನ್ನು ನಾನು ಮೊದಲ ಸಲ ಕಂಡದ್ದು ಅಲ್ಲಿ.

ಉತ್ತರ 3: ಬೆಂಗಳೂರಿನಿಂದ

ಹಳ್ಳಿಯ ಒಂಟಿಮನೆಯಷ್ಟೇ ಒಂಟಿಯಾದದ್ದು ಹನ್ನೊಂದನೆಯ ಮಹಡಿಯ ಮನೆ. ಇಬ್ಬರ ತವರೂ ದೂರ, ಗಂಡ ರಾತ್ರಿ ಎಂಟಕ್ಕೆ ಬರುವವರೆಗೂ ಮಗುವಿನೊಡನೆ ನಾನೊಬ್ಬಳೇ. ನಮ್ಮ ಅಪಾರ್ಟ್‌ಮೆಂಟಿನ ತಾಯಂದಿರಿಗಾಗಿ ಮಾಡಿದ ವಾಟ್ಸ್ಆ್ಯಪ್ ಗುಂಪು ಎರಡೇ ತಿಂಗಳಲ್ಲಿ ಶುಭೋದಯದ ಹೂವುಗಳಿಗೂ ಡೈಪರ್ ರಿಯಾಯಿತಿಯ ಜಾಹೀರಾತುಗಳಿಗೂ ಮೀಸಲಾಯಿತು. ಕೊನೆಗೆ ಕೈಹಿಡಿದದ್ದು ಮೂವರು ಸಂಜೆ ಐದಕ್ಕೆ ಕೆಳಗಿಳಿದು ಒಂದೇ ಬೆಂಚಿನಲ್ಲಿ ಕೂರುವ ಅಭ್ಯಾಸ. ಹೆಚ್ಚು ಜನ ಬರಲಿಲ್ಲವೆಂದು ಟೀಚರ್ ಅವರು ಬೇಸರಿಸಬಾರದು, ಮೂವರು ಸಾಕು.

ಉತ್ತರ 4: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ

ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಕೆಲವು ವರ್ಷ ಕೆಲಸ ಮಾಡಿರುವುದರಿಂದ ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಭಯಪಡುವುದು ತಪ್ಪಲ್ಲ, ಭಯವೇ ಇಲ್ಲದೆ ಈ ಕೆಲಸಕ್ಕಿಳಿಯುವವರನ್ನು ಕಂಡರೆ ನನಗೆ ಹೆಚ್ಚು ಆತಂಕವಾಗುತ್ತದೆ.

ಹೆರಿಗೆಯಾದ ಮೊದಲ ಕೆಲವು ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಸಿಡುಕು, ಕಳವಳ ಇವೆಲ್ಲ ಬಹಳಷ್ಟು ಬಾಣಂತಿಯರಲ್ಲಿ ಕಾಣಿಸಿಕೊಂಡು ಎರಡು ವಾರದೊಳಗೆ ತಾವಾಗಿಯೇ ಇಳಿಯುತ್ತವೆ. ಎರಡು ವಾರ ದಾಟಿದ ಮೇಲೂ ಬೇಸರ ಇಳಿಯದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಮಾತು ಮತ್ತೆಮತ್ತೆ ಬರುತ್ತಿದ್ದರೆ ಅದನ್ನು ಖಿನ್ನತೆಯೆಂದು ಶಂಕಿಸಬೇಕು. ಇದು ತವರಿನಿಂದ ಬಂದ ಮೇಲೆಯೂ ಶುರುವಾಗಬಹುದು. ಗೋವಾದಲ್ಲಿ 270 ತಾಯಂದಿರನ್ನು ಅನುಸರಿಸಿ ನಡೆಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆರಿಗೆಯಾದ ಆರರಿಂದ ಎಂಟು ವಾರಗಳ ಹೊತ್ತಿಗೆ ನೂರಕ್ಕೆ 23 ಜನರಲ್ಲಿ ಖಿನ್ನತೆ ಕಂಡುಬಂದಿತ್ತು. ಬಡತನ, ದಾಂಪತ್ಯದ ಕಲಹ, ಗಂಡು ಬೇಕೆಂದಿದ್ದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು ಇವು ಅದಕ್ಕೆ ಜೊತೆಯಾಗಿದ್ದವು. ಈ ಮೂರನ್ನೂ ಮಾತ್ರೆಯಿಂದ ಗುಣಪಡಿಸಲಾಗದು ಎಂಬುದನ್ನು ಓದುಗರು ಗಮನಿಸಿರಬಹುದು.

ಎಡಿನ್‌ಬರೋ ಮಾಪಕ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ, ಕನ್ನಡದಲ್ಲಿಯೂ ಬಳಕೆಯಲ್ಲಿದೆ. ಕಳೆದ ಏಳು ದಿನ ಹೇಗಿದ್ದಿರಿ ಎಂದು ಕೇಳುತ್ತದೆ. ಅದನ್ನು ಆರೋಗ್ಯ ಕೇಂದ್ರದವರು ಕೇಳಲಿ. ನೀವು ಪಟ್ಟಿ ಹಿಡಿದು ಕೂತರೆ ಎದುರಿನವರು ಪರೀಕ್ಷೆಗೆ ಕೂತ ಹುಡುಗಿಯಂತೆ ಸರಿಯುತ್ತರವನ್ನೇ ಕೊಡುತ್ತಾರೆ, ಅದರಲ್ಲೂ ನೀವು ಟೀಚರ್!

ಇನ್ನು ನಮ್ಮವರು ‘ಬಾಣಂತಿ ಸನ್ನಿ’ ಎಂದು ಕರೆಯುವ ಸ್ಥಿತಿ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಬಹುತೇಕ ಮೊದಲ ಎರಡು ವಾರಗಳಲ್ಲಿ ಇದು ದಿಢೀರನೆ ಕಾಣಿಸಿಕೊಳ್ಳುತ್ತದೆ. ರಾತ್ರಿಯಿಡೀ ನಿದ್ದೆಯಿಲ್ಲದಿರುವುದು, ಅಸಂಬದ್ಧ ಮಾತು, ಮನೆಯವರ ಮೇಲೆ ವಿಪರೀತ ಅನುಮಾನ, ಈ ಮಗು ನನ್ನದಲ್ಲ ಎನ್ನುವುದು, ಯಾರದೋ ದನಿ ಕೇಳಿಸುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು, ತಾಯಿಯನ್ನೂ ಮಗುವನ್ನೂ ಒಂದು ಕ್ಷಣ ಒಂಟಿಯಾಗಿ ಬಿಡಬಾರದು. ಮಂತ್ರಿಸಿದ ತಾಯತ ಬೇಕೆನ್ನುವವರೊಡನೆ ಜಗಳಕ್ಕಿಳಿಯಬೇಡಿ, ಕಟ್ಟಿಸಿಕೊಂಡೇ ಆಸ್ಪತ್ರೆಗೆ ಹೊರಡಲಿ. ದಾಖಲಾದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆ ಬಹಳ ಮನೆಗಳಲ್ಲಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಕಲಮಿನ ಪ್ರಕಾರ, ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಳ್ಳುವ ಘಟಕ 2009ರಿಂದ ಇದೆ.

ಸಾಯುವ ಮಾತನ್ನು ಯಾರಾದರೂ ಸುಳಿವಾಗಿ ಆಡಿದರೆ, ‘ಸಾಯಬೇಕೆಂದು ಅನ್ನಿಸುತ್ತಿದೆಯೇ’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅವರ ಪರವಾಗಿ ನೀವೂ ಕರೆ ಮಾಡಬಹುದು. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮಹಿಳಾ ಸಹಾಯವಾಣಿ 181, ತಕ್ಷಣದ ಅಪಾಯವಿದ್ದರೆ 112. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಓದಿ ಇದು ವೈದ್ಯರದ್ದೇ ಕೆಲಸವೆಂದು ಕೈಬಿಡಬೇಡಿ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮ ಆಶಾಗಳಂಥ ಕಾರ್ಯಕರ್ತೆಯರೇ ತರಬೇತಿ ಪಡೆದು, ಖಿನ್ನರಾಗಿದ್ದ ತಾಯಂದಿರ ಮನೆಗೆ ಹೋಗಿ ಮಾತನಾಡಿಸಿದರು. ಆರು ತಿಂಗಳ ಬಳಿಕ ನೋಡಿದಾಗ, ಬರೀ ಭೇಟಿ ಸಿಕ್ಕವರಲ್ಲಿ ನೂರಕ್ಕೆ 53 ಜನ ಇನ್ನೂ ಖಿನ್ನತೆಯಲ್ಲಿದ್ದರೆ, ಈ ಮಾತುಕತೆ ಸಿಕ್ಕವರಲ್ಲಿ ಅದು 23ಕ್ಕೆ ಇಳಿದಿತ್ತು. 2008ರಲ್ಲಿ ಆ ಫಲಿತಾಂಶ ಪ್ರಕಟವಾದ ಮೇಲೆ ಗೋವಾದಲ್ಲಿ ಅದೇ ಕೆಲಸವನ್ನು ಊರಿನ ಸಾಮಾನ್ಯ ಹೆಂಗಸರಿಗೇ ವಹಿಸಿ ನೋಡಿದರು, ಅವರನ್ನು ‘ಸಖಿ’ ಎಂದು ಕರೆದರು. ಎರಡೂ ಕಡೆ ಕಾರ್ಯಕರ್ತೆಯರೇ ತಾಯಿಯ ಮನೆಗೆ ಹೋದರು ಎಂಬುದನ್ನು ನೋಡಿ.

ಕೊನೆಯದಾಗಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬೇಡಿ, ಸಭೆಯ ವರದಿಯನ್ನು ಬರೆಯಬೇಡಿ, ಫೋಟೋ ತೆಗೆಯಬೇಡಿ. ಹಳ್ಳಿಯಲ್ಲಿ ಒಂದು ಮಾತು ಹೊರಬಿದ್ದರೆ ಮುಂದಿನ ವಾರದ ಕೂಟ ಅಲ್ಲಿಗೇ ಮುಗಿಯಿತು.

ಉತ್ತರ 5: ಕೃಷಿಕ, ಸಾಗರ ತಾಲ್ಲೂಕು

ಮೇಲೆ ಬರೆದವರೆಲ್ಲರೂ ಹೆಂಗಸರ ವಿಷಯವನ್ನೇ ಹೇಳಿದ್ದಾರೆ, ಅದು ಸಹಜವೂ ಹೌದು. ಮರೆವಿನ ಕಾಯಿಲೆಯ ಹೆಂಡತಿಯನ್ನು ನೋಡಿಕೊಳ್ಳುತ್ತಿರುವ ನನ್ನಂಥ ಗಂಡಸರೂ ಅಲ್ಲಲ್ಲಿ ಇದ್ದೇವೆ ಎಂಬುದನ್ನು ಪಟ್ಟಿ ಮಾಡುವಾಗ ನೆನಪಿಟ್ಟುಕೊಂಡರೆ ಉಪಕಾರವಾದೀತು. ಅವಳ ತಲೆ ಬಾಚಿ ಜಡೆ ಹಾಕುವುದನ್ನು ನಾನು 67ನೆಯ ವಯಸ್ಸಿನಲ್ಲಿ ಕಲಿತೆ.

ಬೆಳ್ತಂಗಡಿಯ ಅಮ್ಮನವರು ವಿವರಿಸಿದ ಏರ್ಪಾಡಿಗೆ ನಮ್ಮಲ್ಲಿ ಹೆಸರೇ ಇದೆ, ಮುಯ್ಯಾಳು. ನಾಟಿಗೆ ನಾನು ನಿಮ್ಮ ಗದ್ದೆಗೆ ಬಂದರೆ ನೀವು ನನ್ನ ಗದ್ದೆಗೆ ಬರುತ್ತೀರಿ. ಕೂಲಿಯ ಮಾತಿಲ್ಲ, ಋಣದ ಭಾರವೂ ಇಲ್ಲ. ಸಹಾಯ ಎಂದರೆ ಬೇಡವೆನ್ನುವ ಮನೆಯೂ ಮುಯ್ಯಿ ಎಂದರೆ ಒಪ್ಪುತ್ತದೆ. ಹಿಂದೆ ಅಡಿಕೆ ಸುಲಿಯುವ ಕಾಲದಲ್ಲಿ ಹತ್ತಾರು ಹೆಂಗಸರು ಒಂದೇ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ನಡುರಾತ್ರಿಯವರೆಗೂ ಕೈ ಆಡಿಸುತ್ತಾ ಅತ್ತೆಯನ್ನು ಬೈದು, ಅತ್ತು, ನಕ್ಕು, ಹಗುರಾಗಿ ಮನೆಗೆ ಹೋಗುತ್ತಿದ್ದರು. ಸುಲಿಯುವ ಯಂತ್ರ ತಂದವರಲ್ಲಿ ನಾನೂ ಒಬ್ಬ. ಕೆಲಸ ಸುಲಭವಾಯಿತು, ಯಂತ್ರ ಬೇಡವೆಂದು ಹೇಳುವ ಬಾಯಿ ನನಗಿಲ್ಲ. ಆ ಅಂಗಳ ಮಾತ್ರ ಹೋಯಿತು. ಟೀಚರ್ ಅವರ ಕೂಟದಲ್ಲಿ ಕೈಗೆ ಏನಾದರೂ ಕೆಲಸವಿರಲಿ, ಬತ್ತಿ ಹೊಸೆಯುವುದೋ ಹಪ್ಪಳ ಒತ್ತುವುದೋ. ಕೈ ಆಡುತ್ತಿದ್ದರೆ ಬಾಯಿ ತಾನಾಗಿ ಬಿಡುತ್ತದೆ.

ಪ್ರಶ್ನೆ ಕೇಳಿದ ಶಿಕ್ಷಕಿಯಿಂದ, ಮೂರು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ನಮಸ್ಕಾರಗಳು. ಬ್ಯಾನರನ್ನು ಮಡಿಸಿ ಅಟ್ಟಕ್ಕೆ ಹಾಕಿದ್ದೇನೆ. ಶಾಲೆಯ ಕೊಠಡಿಯನ್ನು ಸದ್ಯಕ್ಕೆ ಬಿಟ್ಟು, ಒಂದೇ ಏರಿನ ಮೇಲಿರುವ ನಾಲ್ಕು ಮನೆಗಳನ್ನು ಆರಿಸಿಕೊಂಡಿದ್ದೇವೆ. ಬುಧವಾರ ಹನ್ನೊಂದಕ್ಕೆ ಸರದಿಯಂತೆ ಒಂದೊಂದು ಮನೆಯ ಜಗಲಿ. ಆಶಾ ಕಾರ್ಯಕರ್ತೆ ತೂಕದ ಯಂತ್ರ ತರಲು ಒಪ್ಪಿದ್ದಾಳೆ. ಬಚ್ಚಲಲ್ಲಿ ಅತ್ತ ಹುಡುಗಿಯನ್ನು ಅವಳ ಅತ್ತೆಯೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿಬಂದರು. ಅದರ ವಿವರವನ್ನು, ನಾಲ್ಕನೆಯ ಉತ್ತರದ ಸಲಹೆಯಂತೆ, ಇಲ್ಲಿ ಬರೆಯುವುದಿಲ್ಲ.

ಲಕ್ವದ ಅತ್ತೆಯ ಮನೆಗೆ ಎರಡು ಬುಧವಾರ ನಾನೇ ಹೋಗಿ ಸೊಸೆಯ ಜೊತೆ ಕೂತು ಕಲಿತೆ. ಮೂರನೆಯ ಬುಧವಾರ ‘ನೀವು ಹೋಗಿ ಬನ್ನಿ, ನಾನಿದ್ದೇನೆ’ ಎಂದೆ. ಅವರು ಜಗಲಿ ಕೂಟಕ್ಕೆ ಹೋಗಬಹುದೆಂದು ನಾನು ಎಣಿಸಿದ್ದೆ. ಅವರು ಹೋದದ್ದು ಬಚ್ಚಲಿಗೆ: ತಲೆಗೆ ಎಣ್ಣೆ ಹಚ್ಚಿ, ಹಂಡೆಯ ನೀರು ಮುಗಿಯುವವರೆಗೂ ಸ್ನಾನ ಮಾಡಿ, ಹಿತ್ತಿಲ ಕಡೆಯ ಕೋಣೆಯಲ್ಲಿ ಚಾಪೆ ಹಾಕಿ ಒಂದೂಮುಕ್ಕಾಲು ಗಂಟೆ ನಿದ್ದೆ ಮಾಡಿದರು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ಆ ಹೊತ್ತಿನಲ್ಲಿ ಅಜ್ಜಿಯನ್ನು ಮಗ್ಗುಲು ಬದಲಿಸಲು ಒಬ್ಬಳಿಂದಲೇ ಆಗದೆ ಕಷ್ಟಪಟ್ಟೆ. ಬೆಳ್ತಂಗಡಿಯ ಅಮ್ಮನವರಲ್ಲಿ ಒಂದು ವಿನಂತಿ: ಭಾರವಾದ ಮೈಯವರನ್ನು ಹಾಸಿದ ಬಟ್ಟೆಯನ್ನೇ ಎಳೆದು ತಿರುಗಿಸುವ ಕ್ರಮವಿದೆಯೆಂದು ಕೇಳಿದ್ದೇನೆ. ಮುಂದಿನ ಬುಧವಾರದೊಳಗೆ ಅದನ್ನು ತಿಳಿಸಿಕೊಡಲು ಸಾಧ್ಯವೇ?